ಖಾದರ್ ಸಾಬರ ನಾಲ್ಕು ಕ್ಯಾಸೆಟ್ಟು

ವಾಸನೆ ಬಂದರೆ ಹಳೆಯ ಕಾಲವೇ ಎದ್ದು ಬರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಮೂಗಿಗೆ ಅಷ್ಟು ಶಕ್ತಿಯಿದ್ದಿದ್ದರೆ ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮೂಸಿದರೆ ಸಾಕಾಗುತ್ತಿತ್ತು. ಆದರೂ ಕಳೆದ ಜನವರಿಯಲ್ಲಿ ಮೂಡಿಗೆರೆಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗುತ್ತಿದ್ದವಳು, ಗೋಣಿಬೀಡಿನಲ್ಲಿ ಬಸ್ಸು ನಿಂತು ಕಾಫಿ ಸಿಪ್ಪೆ ಕೊಳೆಯುವ ಹುಳಿ ವಾಸನೆ ಕಿಟಕಿಯೊಳಗೆ ನುಗ್ಗಿದಾಗ, ಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಸ್ಪರ್ಧೆ ಇದ್ದದ್ದು ಮಧ್ಯಾಹ್ನ. ಖಾದರ್ ಸಾಬರಿಗೆ ಎಂಟು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಒಂದು ವಿಷಯವಿತ್ತು. ಅದನ್ನು ಹೇಳಲು ಎರಡು ತಾಸು ಸಾಕು ಅಂದುಕೊಂಡೆ.

ವಿಷಯ ತೊಂಬತ್ತೆಂಟರ ಕೊಯ್ಲಿನದು. ಅಪ್ಪ ಆಗ ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಹಣ್ಣಿನ ತೂಕ, ಕಣದ ಉಸ್ತುವಾರಿ ಎಲ್ಲ ಅವರದು. ನಾನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ವಾದಿಸುತ್ತಿದ್ದೆ. ಒಂದೇ ವಿಷಯಕ್ಕೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡೂ ಕಡೆ ಶೀಲ್ಡು ತಂದವಳು. ಶನಿವಾರ ಸಂಜೆ ಮನೆಗೆ ಬಂದರೆ ಸೋಮವಾರ ಬೆಳಗಿನವರೆಗೆ ಅಮ್ಮ ನನ್ನೊಡನೆ ಮಾತಿಗೇ ಬರುತ್ತಿರಲಿಲ್ಲ. "ಇವಳ ಹತ್ರ ಉಪ್ಪು ಕಮ್ಮಿ ಅಂದ್ರೂ ಪುರಾವೆ ಕೇಳ್ತಾಳೆ" ಎನ್ನುತ್ತಿದ್ದಳು.

ಖಾದರ್ ಸಾಬರು ಎಸ್ಟೇಟಿನ ಪಲ್ಪರ್ ರಿಪೇರಿಗೆ ಬರುವ ಮೆಕ್ಯಾನಿಕ್. ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಕೊಯ್ಲಿನ ಮೂರು ತಿಂಗಳು ಕೆಡದೆ ಓಡಬೇಕಾದರೆ ಸಾಬರು ಬೇಕು. ಗೋಣಿಬೀಡಿನ ರಸ್ತೆಬದಿಯಲ್ಲಿ ಅವರ ತಗಡಿನ ಶೆಡ್ಡಿತ್ತು. ಐವತ್ತರ ಆಚೀಚೆ ವಯಸ್ಸು, ತೆಳ್ಳಗಿನ ಆಳು, ಕೈ ತುಂಬ ಗ್ರೀಸು. ಶೆಡ್ಡಿನ ಒಳಗೋಡೆಗೆ, ಫ್ಯಾನ್‌ಬೆಲ್ಟುಗಳ ನಡುವೆ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಸ್ಯಾಕ್ಸೋಫೋನು ನೇತಾಡುತ್ತಿತ್ತು.

ಅವರು ಮೊದಲು ಚಿಕ್ಕಮಗಳೂರಿನ ಒಂದು ಬ್ಯಾಂಡ್‌ಸೆಟ್ಟಿನಲ್ಲಿದ್ದವರು. ಕೆಂಪು ಕೋಟು, ಹೆಗಲಿಗೆ ಜರಿಪಟ್ಟಿ, ದಿಬ್ಬಣದ ಮುಂದೆ ಸಿನಿಮಾ ಹಾಡು. ಅಲ್ಲಿಂದ ಅವರನ್ನು ತೆಗೆದದ್ದು ವಸ್ತಾರೆಯ ಒಂದು ಮದುವೆಯಲ್ಲಿ. ಬ್ಯಾಂಡಿನವರೆಲ್ಲ ಹಾಡು ಮುಗಿಸಿದರೂ ಸಾಬರು ಅದರ ಕೊನೆಯ ಸ್ವರ ಹಿಡಿದು ನಿಂತೇಬಿಟ್ಟರಂತೆ. ಅದನ್ನು ಎಳೆದರು, ಅರ್ಧಕ್ಕೆ ಮುರಿದರು, ಮತ್ತೆ ಹಿಡಿದರು. ಡೋಲಿನವನು ಹೆದರಿ ಕೈಬಿಟ್ಟ. ಹೆಣ್ಣಿನ ಅಪ್ಪ ಬಂದು, "ಏನ್ ಸಾಬ್ರೆ, ನಾವಿಲ್ಲಿ ಮದುವೆ ಮಾಡ್ತಿದೀವೋ, ಹೆಣ ಎತ್ತುತಿದೀವೋ?" ಎಂದು ಕೇಳಿದರು.

ಇದನ್ನು ಸಾಬರೇ ನಗುನಗುತ್ತಾ ಹೇಳುತ್ತಿದ್ದರು. "ಅವ್ರು ಕೇಳಿದ್ದು ಸರಿನೇ ಮಗಾ. ಆದ್ರೆ ಮದುವೆಹೆಣ್ಣು ತಲೆ ಎತ್ತಿ ನೋಡ್ತು. ಅಲ್ಲೀತಂಕ ತಲೆ ಎತ್ತಿರ್ಲಿಲ್ಲ ಅದು."

ಇಂಥದ್ದು ಎಲ್ಲಿಂದ ಕಲಿತಿರಿ ಎಂದು ನಾನು ಪಾಟೀಸವಾಲು ಮಾಡಿದ್ದೆ. ಹಳೆಯ ಧಣಿಗಳ ಬಂಗಲೆಯಲ್ಲಿ ಗ್ರಾಮಾಫೋನು ಕೆಟ್ಟಾಗ ಸಾಬರನ್ನು ಕರೆಸಿದ್ದರು. ಸರಿಯಾಯಿತೇ ಎಂದು ನೋಡಲು ಅಲ್ಲೇ ಬಿದ್ದಿದ್ದ ಒಂದು ಪ್ಲೇಟು ಹಾಕಿದರು. ಯಾರೋ ಹೊರದೇಶದವನ ಸ್ಯಾಕ್ಸೋಫೋನು. ಸರಿಯಾಗಿದ್ದರೂ ಸರಿಯಾಗಿಲ್ಲ ಎಂದು ಸುಳ್ಳು ಹೇಳಿ ಸಾಬರು ಅದನ್ನು ಮೂರು ಸಲ ಕೇಳಿದರು. ಜೀವಮಾನದಲ್ಲಿ ಅವರು ಕೇಳಿದ ಜಾಝ್ ಅಷ್ಟೇ. ಆ ಪ್ಲೇಟಿಗೆ ಗೀರು ಬಿದ್ದಿತ್ತು. ಒಂದು ಕಡೆ ಮುಳ್ಳು ಎಗರಿ, ಅದೇ ತುಣುಕು ಮತ್ತೆ ಮತ್ತೆ, ಏಳೆಂಟು ಸಲ, ಬಿಕ್ಕಳಿಕೆಯ ಹಾಗೆ. ಆಮೇಲೆ ತಾನಾಗಿ ದಾಟಿಕೊಂಡು ಮುಂದೆ. ಸಾಬರು ಅದನ್ನೂ ಸೇರಿಸಿಯೇ ಕಲಿತುಬಿಟ್ಟಿದ್ದರು.

"ಅದು ಪ್ಲೇಟು ಹಾಳಾಗಿದ್ದು ಸಾಬ್ರೆ. ಆ ಮನುಷ್ಯ ಹಂಗೆ ಊದಿರಕ್ಕೆ ಸಾಧ್ಯ ಇಲ್ಲ."

"ನೀನೆಂತ ಪಕ್ಕದಲ್ಲಿ ಕೂತಿದ್ಯಾ?"

"ಯೋಚ್ನೆ ಮಾಡಿದ್ರೆ ಗೊತ್ತಾಗತ್ತಲ್ಲ."

"ಇರ್ಲಿ ಮಾರಾಯ್ತಿ. ಅವ್ನು ಊದಿಲ್ದೇ ಇದ್ರೆ ನಾನು ಊದ್ತೀನಿ."

ವಾದ ಹೀಗೆ ಮುಗಿದದ್ದು ನನಗೆ ಹಿಡಿಸಲಿಲ್ಲ.

ಆ ವರ್ಷ ಸಾಬರ ಹಲ್ಲು ಅಲ್ಲಾಡಲು ಶುರುವಾಗಿತ್ತು. ವಸಡು ಕೊಳೆತು ಮುಂದಿನ ಆರು ಹಲ್ಲು ಸಡಿಲಾಗಿದ್ದವು. ಮೂಡಿಗೆರೆಯ ಹಲ್ಲಿನ ಡಾಕ್ಟರು, ಈಗಲೇ ಕೀಳಿಸಿ, ತಡಮಾಡಿದರೆ ದವಡೆಗೆ ಇಳಿಯುತ್ತದೆ ಎಂದಿದ್ದರು. ಸ್ಯಾಕ್ಸೋಫೋನಿನ ತುದಿಯನ್ನು ಮೇಲಿನ ಹಲ್ಲಿನಿಂದ ಒತ್ತಿ ಹಿಡಿಯಬೇಕು. ಹಲ್ಲು ಹೋದರೆ ಊದುವುದೂ ಹೋಯಿತು. "ಈ ಕಾಫಿ ಮುಗಿಯೋತಂಕ ನಿಂತ್ರೆ ಸಾಕು. ಪಲ್ಪರ್ ನಿಂತ ಮೇಲೆ ಇವನ್ನೂ ನಿಲ್ಸೋಣ" ಎಂದು ಸಾಬರು ನಾಲಿಗೆಯಿಂದ ಹಲ್ಲನ್ನು ಅಲ್ಲಾಡಿಸಿ ತೋರಿಸುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ. ಆಳುಗಳಿಗೆ ರಜೆ, ಪಲ್ಪರ್ ಮನೆ ಖಾಲಿ. ಸಾಬರು ಯಂತ್ರದ ಬೇರಿಂಗ್ ನೋಡಲು ಬಂದವರು ಕೆಲಸ ಮುಗಿಸಿ, ಸೀರೆ ಬಿಚ್ಚಿ, ಸ್ಯಾಕ್ಸೋಫೋನು ಹಿಡಿದು ಕಾಫಿ ಕೊಳೆಹಾಕುವ ಸಿಮೆಂಟಿನ ತೊಟ್ಟಿಯೊಳಗೆ ಇಳಿದರು. ಎದೆಯೆತ್ತರದ ಖಾಲಿ ತೊಟ್ಟಿ. ಅದರೊಳಗೆ ನಿಂತು ಊದಿದರೆ ಸದ್ದು ಗೋಡೆಗೆ ಬಡಿದು, ತಾನೇ ತನ್ನನ್ನು ಕೇಳಿಸಿಕೊಂಡು ವಾಪಸು ಬರುತ್ತಿತ್ತು. ಸಾಬರು ಅದಕ್ಕಾಗಿ ಕಾಯುತ್ತಿದ್ದರು. ವಾಪಸು ಬಂದದ್ದರ ಮೇಲೆ ಇನ್ನೊಂದನ್ನು ಇಡುತ್ತಿದ್ದರು. ನಡುವೆ ಉಸಿರು ಗೊರಗೊರ ಎನ್ನುತ್ತಿತ್ತು. ಸೈಕಲ್ ಟ್ಯೂಬಿನ ತುಂಡು ಅಂಟಿಸಿದ ಕೀಲಿಗಳು ಟಪಟಪ ಬೀಳುತ್ತಿದ್ದವು. ಒಂದು ಸ್ವರ ಸೀಳಿ ಎರಡಾಗುತ್ತಿತ್ತು. ಆಮೇಲೆ ಆ ಬಿಕ್ಕಳಿಕೆ.

ಕಣದ ಕಡೆಯಿಂದ ಒಬ್ಬ ಹೆಂಗಸು ಕಾಫಿ ಲೋಟ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದರು. ಧಣಿಗಳ ಸೊಸೆಯ ಗೆಳತಿ, ಬೊಂಬಾಯಿಯವರು. ಕ್ಯಾಸೆಟ್ಟು ಹೊರತರುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಸಾಬರು ನಿಲ್ಲಿಸಿದ ಮೇಲೆ ಅವರು ಲೋಟ ಹೊಸ್ತಿಲ ಮೇಲಿಟ್ಟು ಒಳಗೆ ಬಂದರು. ಆಮೇಲೆ ಇಂಗ್ಲಿಷಿನಲ್ಲಿ ನನಗೆ ಹೇಳಿದರು, ನಾನು ಸಾಬರಿಗೆ ಕನ್ನಡದಲ್ಲಿ.

"ಇದಕ್ಕೆ ಜಾಝ್ ಅಂತಾರಂತೆ ಸಾಬ್ರೆ. ಎಲ್ಲೂ ಕೇಳದೇ ಇರೋ ಥರ ಇದೆಯಂತೆ."

"ಇದಕ್ಕೆ ಹೆಸ್ರು ಬೇರೆ ಉಂಟಾ!"

"ಒಂದು ಕ್ಯಾಸೆಟ್ಟು ಮಾಡಿ ಫೆಬ್ರವರಿ ಒಳಗೆ ಕಳಿಸ್ಬೇಕಂತೆ. ಅವ್ರ ಕಂಪನಿಯವ್ರು ಒಪ್ಪಿದ್ರೆ ಬೊಂಬಾಯಿಗೆ ಕರೆಸಿ ಸ್ಟುಡಿಯೋದಲ್ಲಿ ರೆಕಾರ್ಡು ಮಾಡ್ತಾರಂತೆ."

ಸಾಬರು ತೊಟ್ಟಿಯೊಳಗಿನಿಂದ ಅವರನ್ನು ನೋಡಿದರು. "ಬೇಗ ಕರ್ಸಕ್ಕೆ ಹೇಳು ಮಗಾ. ಹಲ್ಲಿಗೆ ಪುರ್ಸೊತ್ತಿಲ್ಲ."

ಹೊರಡುವಾಗ ಆ ಹೆಂಗಸು ವಿಳಾಸ ಬರೆದುಕೊಟ್ಟು ನನಗೆ ಇನ್ನೊಂದು ಮಾತು ಹೇಳಿದರು. ಈಗ ಕೇಳಿದೆನಲ್ಲ, ಇದನ್ನೇ ಕಳಿಸಿ, ಹೀಗೇ. ಅದನ್ನು ನಾನು ಸಾಬರಿಗೆ ಹೇಳಲಿಲ್ಲ. ಮರೆತದ್ದಲ್ಲ. ಉಪಚಾರದ ಮಾತು ಅಂದುಕೊಂಡೆ. ತೀರ್ಪುಗಾರರು ಯಾವತ್ತೂ ಹೀಗೆಯೇ, 'ಸಹಜವಾಗಿ ಮಾತಾಡಿ' ಎನ್ನುತ್ತಾರೆ, ಆಮೇಲೆ ಉಚ್ಚಾರಣೆಗೆ ಅಂಕ ಕಳೆಯುತ್ತಾರೆ ಎನ್ನುವುದು ನನ್ನ ಅನುಭವವಾಗಿತ್ತು.

ಭಾಷಣ ಅಭ್ಯಾಸಕ್ಕೆಂದು ನನ್ನ ಹತ್ತಿರ ಒಂದು ಟೇಪ್‌ರೆಕಾರ್ಡರು, ನಾಲ್ಕು ಕ್ಯಾಸೆಟ್ಟು ಇದ್ದವು. ಮೊದಲ ಎರಡು ಭಾನುವಾರ ಸಾಬರು ತೊಟ್ಟಿಯೊಳಗೆ ನಿಂತು ಊದಿದರು, ನಾನು ತೊಟ್ಟಿಯ ದಡದ ಮೇಲೆ ಗೋಣಿಚೀಲ ಮಡಚಿ ಅದರ ಮೇಲೆ ರೆಕಾರ್ಡರು ಇಟ್ಟು ಕೂತೆ. ನಾಲ್ಕು ಕ್ಯಾಸೆಟ್ಟೂ ತುಂಬಿದವು. ಆಗಲೇ ಒಂದನ್ನು ಅಂಚೆಗೆ ಹಾಕಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಆ ವಾರ ಅಪ್ಪ ಕಣದಲ್ಲಿ ಸ್ಯಾಂಪಲ್ ಕಟ್ಟುತ್ತಿದ್ದರು. ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ವ್ಯಾಪಾರಿಗೆ ತೋರಿಸಲು ಒಂದು ಸಣ್ಣ ಚೀಲದಲ್ಲಿ ಕಳಿಸುವ ಪದ್ಧತಿ. ಅಪ್ಪ ಮೊರ ಮುಂದಿಟ್ಟುಕೊಂಡು ಕರಿಕಾಳು, ಒಡಕು, ಹುಳುಕು ಒಂದೊಂದನ್ನೂ ಬೆರಳಿನಿಂದ ಆರಿಸಿ ಎಸೆಯುತ್ತಿದ್ದರು.

"ಮೂಟೆಲಿ ಇರೋದೇ ಬೇರೆ, ಇಲ್ಲಿ ಕಳ್ಸೋದೇ ಬೇರೆ. ಮೋಸ ಅಲ್ವಾ?" ಎಂದೆ.

"ಎಲ್ರೂ ಆರ್ಸೇ ಕಳ್ಸೋದು. ನಾನೊಬ್ಬ ಆರಿಸ್ದೇ ಕಳ್ಸಿದ್ರೆ ನಂದೇ ಕಳಪೆ ಅಂತಾರೆ. ಮೊದ್ಲು ಚೀಲ ಬಿಚ್ಚೋ ಹಂಗೆ ಮಾಡ್ಬೇಕು ಮಾರಾಯ್ತಿ, ಆಮೇಲೆ ಮಾತು."

ಇದು ನನಗೆ ತಟ್ಟನೆ ಹಿಡಿಸಿತು. ಚರ್ಚೆಯಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ. ಎದುರಾಳಿ ಎಲ್ಲಿ ಹೊಡೆಯಬಹುದು ಎಂದು ಮೊದಲೇ ಊಹಿಸಿ ಆ ಜಾಗವನ್ನೇ ಕಿತ್ತುಹಾಕುವುದು. ಆ ರಾತ್ರಿಯೇ ನಾಲ್ಕೂ ಕ್ಯಾಸೆಟ್ಟು ಹಾಕಿಕೊಂಡು ಕೂತೆ. ಟೇಪಿನ ಮೀಟರಿನ ಅಂಕಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ನಲವತ್ತೆರಡು: ಉಸಿರು ಕೇಳಿಸುತ್ತದೆ. ಅರವತ್ತು: ಸ್ವರ ಒಡೆಯಿತು. ಎಂಬತ್ತೊಂಬತ್ತರಿಂದ ನೂರ ಐದು: ಒಂದೇ ಕಡೆ ನಿಂತಿದ್ದಾರೆ, ಕಾರಣವಿಲ್ಲ. ನೂರ ಮೂವತ್ತು: ಬಿಕ್ಕಳಿಕೆ, ಹನ್ನೊಂದು ಸಲ. ನೂರ ಎಪ್ಪತ್ತು: ಏನೂ ಇಲ್ಲ, ತೊಟ್ಟಿಯ ಸದ್ದು ಮಾತ್ರ. ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಸಾಬರು ಏನು ಊದುತ್ತಿದ್ದರು ಎನ್ನುವುದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ದಾಖಲೆ ಆ ತಪ್ಪುಗಳ ಪಟ್ಟಿ ಮಾತ್ರ.

ಮುಂದಿನ ಭಾನುವಾರ ಪಟ್ಟಿ ಓದಿ ಹೇಳಿದೆ. ಸಾಬರು ತೊಟ್ಟಿಯ ಗೋಡೆಗೆ ಒರಗಿ ಕೇಳಿಸಿಕೊಂಡರು.

"ಉಸಿರು ಕೇಳ್ದೆ ಊದೋದು ಹೆಂಗೆ ಲಾಯರಮ್ಮ? ಸತ್ತೋನು ಊದ್ಬೇಕಷ್ಟೆ."

"ಬೇರೆ ಕ್ಯಾಸೆಟ್ಟುಗಳಲ್ಲಿ ಎಲ್ಲಿ ಕೇಳತ್ತೆ? ತೋರ್ಸಿ."

"ಅದು ಅವ್ರದ್ದು."

"ಅಲ್ಲಿ ಕೂತು ಕೇಳೋರಿಗೆ ನೀವ್ಯಾರು ಅಂತ ಗೊತ್ತಿಲ್ಲ ಸಾಬ್ರೆ. ನೀವು ಬೇಕೂಂತ ಮಾಡಿದ್ರೋ, ಬರದೇ ಮಾಡಿದ್ರೋ ಅವ್ರಿಗೆ ಹೆಂಗೆ ಗೊತ್ತಾಗತ್ತೆ? ಒಂದೇ ಒಂದು ಕಾರಣ ಕೊಡಿ. ಆ ಬಿಕ್ಕಳಿಕೆ ಯಾಕೆ ಬೇಕು?"

ಸಾಬರು ಯೋಚಿಸಿದರು. ನಿಜವಾಗಿ ಯೋಚಿಸಿದರು, ಹಣೆಯ ಗ್ರೀಸಿನ ಮೇಲೆ ಗೆರೆ ಮೂಡಿತು. ಆಮೇಲೆ, "ಕಾರಣ ಎಂತ ಇಲ್ಲ" ಎಂದರು.

ಗೆದ್ದೆ. ಎದುರಿನವರು ಕಾರಣ ಇಲ್ಲ ಎಂದು ಒಪ್ಪಿಕೊಂಡರೆ ಆಟ ಅಲ್ಲಿಗೆ ಮುಗಿದ ಹಾಗೆ ಎಂದು ನನಗೆ ಕಲಿಸಿದ್ದರು.

ಬೇರೆ ಕ್ಯಾಸೆಟ್ಟು ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ತಪ್ಪಿದ್ದ ಜಾಗಕ್ಕೆ ಟೇಪು ತಿರುಗಿಸಿ ಅದರ ಮೇಲೆಯೇ ಮತ್ತೆ ರೆಕಾರ್ಡು ಮಾಡಿದೆವು. ತಪ್ಪನ್ನು ಇಟ್ಟುಕೊಂಡು ಏನು ಮಾಡುವುದು? ಜನವರಿ ಪೂರ್ತಿ, ಭಾನುವಾರದಿಂದ ಭಾನುವಾರಕ್ಕೆ, ಪಟ್ಟಿ ಚಿಕ್ಕದಾಗುತ್ತಾ ಹೋಯಿತು. ಸಾಬರು ಉಸಿರನ್ನು ಮೂಗಿನಿಂದ ಕದ್ದು ಎಳೆಯಲು ಕಲಿತರು. ಕೀಲಿಗಳ ಕೆಳಗೆ ಹತ್ತಿ ಇಟ್ಟರು. ತೊಟ್ಟಿ ಗುಂಯ್‌ಗುಡುತ್ತದೆ ಎಂದು ನಾನು ಅವರನ್ನು ಮೇಲಕ್ಕೆ ಕರೆದು ಗೋಣಿಮೂಟೆಗಳ ನಡುವೆ ನಿಲ್ಲಿಸಿದೆ. ಒಂದೊಂದು ಸಾಲನ್ನು ಆರು ಸಲ, ಎಂಟು ಸಲ ಊದಿಸಿದೆ. ನಡುನಡುವೆ ಅವರು ಬಾಯಿ ಹಿಡಿದುಕೊಂಡು ಹೊರಗೆ ಹೋಗಿ ರಕ್ತ ಉಗುಳಿ ಬರುತ್ತಿದ್ದರು.

"ಸಾಕಾ ಮಗಾ?"

"ಇನ್ನೊಂದೇ ಸಲ ಸಾಬ್ರೆ."

ಒಂದು ಸಂಜೆ ಅವರ ಹೆಂಡತಿ ಜೈಬುನ್ನಮ್ಮ ನಮ್ಮ ಮನೆಗೇ ಬಂದರು. "ಅವ್ರು ಶೆಡ್ಡಲ್ಲಿ ಊದಿದ್ರೆ ನಂಗೆ ತಲೆನೋವು ಬರ್ತಿತ್ತು, ಅದು ನಿಜ. ಆದ್ರೆ ಈಗ ಊದೋದು ಅವ್ರಲ್ಲ ಅನ್ಸತ್ತೆ ಕಣಮ್ಮ" ಎಂದರು. ಅನ್ನಿಸುವುದು ವಾದವಲ್ಲ ಎಂದು ನಾನು ನಕ್ಕೆ. ಅವರು ಚಹಾ ಕುಡಿಯದೆ ಎದ್ದು ಹೋದರು.

ಫೆಬ್ರವರಿಯ ಎರಡನೇ ವಾರ ಒಂದು ಕ್ಯಾಸೆಟ್ಟು ಅಂಚೆಗೆ ಹೋಯಿತು. ಮೂರು ಸಿನಿಮಾ ಹಾಡು, ಬ್ಯಾಂಡಿನಲ್ಲಿ ಕಲಿತ ಎರಡು ಇಂಗ್ಲಿಷ್ ರಾಗ. ಅಲ್ಲಲ್ಲಿ ತಿರುವುಗಳು, ಎಲ್ಲವೂ ನುಣುಪು, ಒಂದು ಕರಿಕಾಳಿಲ್ಲ. ಉಳಿದ ಮೂರರಲ್ಲಿದ್ದದ್ದು ಅದರದೇ ಮೊದಲಿನ ಪ್ರಯತ್ನಗಳು, ಅವೂ ನುಣುಪು. ಆ ತಿಂಗಳ ಕೊನೆಗೆ ಪಲ್ಪರ್ ನಿಂತಿತು. ಸಾಬರು ಮೂಡಿಗೆರೆಗೆ ಹೋಗಿ ಆರು ಹಲ್ಲು ಕೀಳಿಸಿಕೊಂಡು ಬಂದರು. ತಡಮಾಡಿದ್ದಕ್ಕೆ ಅದರ ಜೊತೆ ಇನ್ನೂ ನಾಲ್ಕು ಕೀಳಬೇಕಾಯಿತು.

ಉತ್ತರ ಬಂದದ್ದು ಏಪ್ರಿಲಿನಲ್ಲಿ, ಹೂಮಳೆ ಬಿದ್ದ ವಾರ. ಹದವಾಗಿ ಬಿದ್ದ ಮಳೆ. ಕಾಫಿ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾಗಿ, ಧಣಿಗಳಿಂದ ಹಿಡಿದು ಮೇಸ್ತ್ರಿಯವರೆಗೆ ಎಲ್ಲರ ಮುಖದಲ್ಲೂ ನಗು. ಪತ್ರ ನನ್ನ ಹೆಸರಿಗಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಓದಿದೆ. ಕ್ಯಾಸೆಟ್ಟು ತಲುಪಿತು, ಚೊಕ್ಕವಾಗಿದೆ, ಇಂಥ ವಾದಕರು ಊರೂರಿನಲ್ಲೂ ಇದ್ದಾರೆ. ಆದರೆ ಅವತ್ತು ತೊಟ್ಟಿಯೊಳಗಿನಿಂದ ಕೇಳಿದ್ದು ಇದರಲ್ಲಿ ಎಲ್ಲಿಯೂ ಇಲ್ಲವಲ್ಲ. ತಪ್ಪಿ ಬೇರೆ ಕ್ಯಾಸೆಟ್ಟು ಕಳಿಸಿದ್ದೀರಾ? ಅದನ್ನು ಕಳಿಸಿದರೆ ನಾನು ಇಲ್ಲಿ ಎಲ್ಲರಿಗೂ ಕೇಳಿಸಲು ಕಾದಿದ್ದೇನೆ.

ಶೆಡ್ಡಿಗೆ ಹೋದೆ. ಸಾಬರು ಪಂಪ್‌ಸೆಟ್ಟೊಂದರ ಹೊಟ್ಟೆ ಬಿಚ್ಚಿ ಕೂತಿದ್ದರು. ತುಟಿ ಒಳಗೆ ಹೋಗಿ ಮುಖ ಒಮ್ಮೆಲೇ ಮುದುಕನದಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು.

"ಎಂತ ಬರ್ದಿದಾರೆ?"

"ಚೊಕ್ಕವಾಗಿದೆಯಂತೆ" ಎಂದೆ. "ಆದ್ರೆ ಈ ಥರ ಊದೋರು ಬೇಕಾದಷ್ಟು ಜನ ಇದಾರಂತೆ."

ಎರಡೂ ಪತ್ರದಲ್ಲಿದ್ದ ಮಾತೇ. ಉಳಿದದ್ದನ್ನು ಬಿಟ್ಟೆ.

ಸಾಬರು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದರು. "ಚೊಕ್ಕ ಅಂದ್ರಾ? ಹಂಗಾದ್ರೆ ತಪ್ಪೇನೂ ಮಾಡಿಲ್ಲ ನಾವು. ಅಷ್ಟಾಯ್ತಲ್ಲ." ಬೊಂಬಾಯಿಯ ಮಾತು ಅಲ್ಲಿಗೆ ಮುಗಿಯಿತು. ನಾನು ಪತ್ರಕ್ಕೆ ಉತ್ತರ ಬರೆಯಲಿಲ್ಲ. ಏನೆಂದು ಬರೆಯುವುದು?

ಮರುವರ್ಷ ಅಪ್ಪನಿಗೆ ಮಲ್ಲಂದೂರಿನ ಕಡೆ ಬೇರೆ ಎಸ್ಟೇಟು ಸಿಕ್ಕಿತು, ಗೋಣಿಬೀಡು ತಪ್ಪಿತು. ಆಮೇಲೆ ನಾನು ಹಾಸನದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ಅಂಗಡಿಯಲ್ಲಿ, ಯಾರೋ ಹಾಕಿದ್ದ ಸಿ.ಡಿ.ಯಲ್ಲಿ, ಹೊರದೇಶದ ಒಬ್ಬ ಸ್ಯಾಕ್ಸೋಫೋನಿನವನು ಒಂದೇ ಸ್ವರದ ಮೇಲೆ ನಿಂತು ಉಸಿರು ಗೊರಗೊರ ಎನ್ನಿಸುತ್ತಾ ಅದನ್ನು ಸೀಳಿದ್ದು ಕೇಳಿದೆ. ಸುತ್ತ ಇದ್ದವರು ವಾಹ್ ಎನ್ನುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇದು ನಾನು ಹೇಳಬೇಕಿದ್ದ ವಿಷಯ. ಬಸ್ಸಿಳಿದು ಶೆಡ್ಡಿಗೆ ನಡೆದೆ. ತಗಡು ಹೋಗಿ ಹಂಚಾಗಿತ್ತು. ಸಾಬರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಕಟ್ಟಿಸಿದ ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಎದುರಿಗೆ ಅವರ ಅಳಿಯ ರಫೀಕ್, ಮೂವತ್ತು ದಾಟಿದವನು, ಮಾವನ ಸ್ಯಾಕ್ಸೋಫೋನು ಕೊರಳಿಗೆ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಈಗ ಅವನದೇ ಬ್ಯಾಂಡ್‌ಸೆಟ್ಟಂತೆ.

"ಓಹೋ, ಲಾಯರಮ್ಮ! ಜೈಬೂ, ಚಾ ಇಡು. ನೀವಿನ್ನೂ ಊದ್ತೀರಾ ಅಂತ ಕೇಳ್ಬೇಡ, ಈ ಹಲ್ಲು ಕಚ್ಚಿದ್ರೆ ಸೆಟ್ಟೇ ಜಾರಿ ಕೈಗೆ ಬರತ್ತೆ."

ರಫೀಕ್ ನೀರು ಕುಡಿಯಲು ಒಳಗೆ ಹೋದಾಗ ಹೇಳಿದೆ. ಆ ಹೆಂಗಸು ಬಾಗಿಲಲ್ಲಿ ಹೇಳಿದ್ದು, ಪತ್ರದಲ್ಲಿ ಕೇಳಿದ್ದು, ನಾನು ಬಿಟ್ಟದ್ದು ಎಲ್ಲ. ಬೈಯಲಿ ಅಂದುಕೊಂಡೇ ಹೇಳಿದೆ. ಸಾಬರು ಪೂರ್ತಿ ಕೇಳಿಸಿಕೊಂಡರು.

"ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ ಹುಚ್ಚಿ?"

"ಅದನ್ನೇ ಕಳಿಸಿದ್ರೆ ನಿಮ್ಮನ್ನ ಕರೀತಿದ್ರು ಸಾಬ್ರೆ. ಹಾಳು ಮಾಡಿದ್ದು ನಾನು."

"ಹಾಳು ಎಂತ ಮಾಡಿದ್ದು ನೀನು? ಅವ್ರು ಒಂದಿನ ಕೇಳಿದ್ರು, ಚೆನ್ನಾಗಿದೆ ಅಂದ್ರು. ಒಬ್ರು ಚೆನ್ನಾಗಿದೆ ಅಂದಿದ್ದಕ್ಕೆ ತಪ್ಪು ಸರಿ ಆಗತ್ತಾ?"

"ಅದು ತಪ್ಪಾಗಿರ್ಲಿಲ್ಲ. ನಿಮ್ಮದಾಗಿತ್ತು."

"ಯಾಕೆ ಹಂಗೆ ಊದ್ತಿದ್ದೆ ಅಂತ ನೀನು ಕೇಳ್ದಾಗ ನಂಗೇ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಮಾಡೋದನ್ನ ವಿದ್ಯೆ ಅಂತಾರಾ?" ಸಾಬರ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. "ಇಪ್ಪತ್ತೈದು ವರ್ಷ ಊದಿದೀನಿ. ಇಲ್ಲಿ ಸರಿಯಿಲ್ಲ, ಅಲ್ಲಿ ಸರಿಯಿಲ್ಲ ಅಂತ ಕೂತು ಹೇಳ್ದೋಳು ನೀನೊಬ್ಳೇ. ಬೇರೆಯವ್ರು ಓಡಿಸಿದ್ರು ಅಷ್ಟೆ."

ನಾನು ಇನ್ನೂ ಮೂರು ಕಡೆಯಿಂದ ವಾದಿಸಿದೆ. ಹಾಸನದ ಅಂಗಡಿಯ ಕಥೆ ಹೇಳಿದೆ. ಅವನು ದೊಡ್ಡ ಮನುಷ್ಯ, ಅವನಿಗೆ ನಡೆಯುತ್ತದೆ ಎಂದರು. ತೊಟ್ಟಿ ನೆನಪಿದೆಯಾ ಎಂದೆ. ಗುಂಯ್ ಅನ್ನುತ್ತಿತ್ತಲ್ಲ, ನೀನೇ ಮೇಲೆ ಕರೆದೆ ಎಂದರು. ಒಂದೊಂದಕ್ಕೂ ಉತ್ತರವಿತ್ತು, ಒಂದೊಂದೂ ಸರಿಯಾಗಿತ್ತು. ಜೈಬುನ್ನಮ್ಮ ಚಹಾ ತಂದಿಟ್ಟು, ನನ್ನ ಮುಖ ನೋಡಿ ಒಳಗೆ ಹೋದರು.

ರಫೀಕ್ ಬಂದು ಮತ್ತೆ ಶುರುಮಾಡಿದ. ಮದುವೆಯ ಹಾಡು. ಎರಡನೇ ಸಾಲಿನ ಕೊನೆಗೆ ಉಸಿರು ಸಾಲದೆ ಸ್ವರ ಅದುರಿತು, ಒಡೆಯಿತು, ಒಡೆದದ್ದರೊಳಗಿನಿಂದ ಇನ್ನೊಂದು ಸಣ್ಣ ಸ್ವರ ಮೇಲಕ್ಕೆದ್ದಿತು. ರಫೀಕನ ಹುಬ್ಬು ಮೇಲೇರಿತು. ಅವನು ಅದನ್ನು ಬಿಡದೆ ಹಿಡಿದುಕೊಂಡ, ಎಲ್ಲಿಗೆ ಹೋಗುತ್ತದೆ ನೋಡೋಣ ಎನ್ನುವ ಹಾಗೆ.

ಸಾಬರು ಕುರ್ಚಿಯ ಕೈಗೆ ಪಟ್ಟನೆ ಹೊಡೆದರು. "ಅಲ್ಲಿ ತಪ್ತು. ಮೊದ್ಲಿಂದ."

"ಮಾವ, ಅದು ಸ್ವಲ್ಪ..."

"ಕಾರಣ ಇದ್ಯಾ?"

ರಫೀಕ್ ಯೋಚಿಸಿದ. ಇಲ್ಲವೆಂದು ತಲೆಯಾಡಿಸಿದ. ಮೊದಲಿನಿಂದ ಶುರುಮಾಡಿದ. ಈ ಸಲ ತಪ್ಪಲಿಲ್ಲ.